ದೀಪದವಳಿಗೆ ಮೂರು ಅಂಕ

"ಹತ್ತಕ್ಕೆ ಮೂರಾ? ಅಯ್ಯೋ ಪುಣ್ಯಾತ್ಮ, ಇಷ್ಟು ಚೆಂದದ ಮುಖ ನೋಡಿಯೂ ಮೂರು ಕೊಡೋಕೆ ನಿನಗೆ ಮನಸ್ಸಾದರೂ ಹೇಗೆ ಬಂತು?" ಎನ್ನುತ್ತ ಅಂಗಡಿಯಮ್ಮ ಕಾರ್ಡನ್ನು ಅವನ ಮೂಗಿಗೇ ತಾಗುವಂತೆ ಹಿಡಿದಳು.

"ಮುಖಕ್ಕೆ ಅಂದರೆ ಹತ್ತೂ ಕೊಡ್ತೀನಿ ಅಮ್ಮಾ. ನಾನು ಕೊಟ್ಟಿದ್ದು ಕೆಲಸಕ್ಕೆ."

"ನಿನ್ನ ಭಾವ ಇದ್ದಿದ್ದರೆ ಎಂಟಕ್ಕೆ ಕಮ್ಮಿ ಆಗ್ತಿರಲಿಲ್ಲ."

ಅವನು ಮೇಜಿನ ಮೇಲೆ ಹರಡಿದ್ದ ಕಾರ್ಡುಗಳನ್ನು ಒಟ್ಟು ಮಾಡಿ, ಆಗಲೇ ಸರಿಯಾಗಿದ್ದ ಅಂಚುಗಳನ್ನು ಇನ್ನೊಮ್ಮೆ ಸರಿಮಾಡತೊಡಗಿದ.

ಆ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರ ಬಾಯಲ್ಲೂ ಅವನು ತಕ್ಕಡಿ. ಅದು ಕಾರ್ಡಿನ ಆಟಗಳನ್ನು ಮಾರುವ ಅಂಗಡಿ. ಮುಂದೆ ಪ್ಯಾಕೆಟ್ಟುಗಳ ಗೋಡೆ, ಹಿಂದೆ ಆಡುವವರಿಗೆ ಮೇಜು, ಕುರ್ಚಿ. ಅಲ್ಲಿಗೆ ಬರುವವರು ತಮ್ಮ ತಮ್ಮ ಕಾರ್ಡಿನ ಕಟ್ಟು ತಂದು, ಸೈನಿಕರನ್ನು ಸಾಲಾಗಿ ಕಣದಲ್ಲಿ ನಿಲ್ಲಿಸಿ, ಎದುರಿನವನ ಕೋಟೆ ಕೆಡವುವ ಆಟ ಆಡುತ್ತಾರೆ. ಆಟದ ಕಂಪನಿಯವರು ಆಗಾಗ ಹೊಸ ಕಾರ್ಡುಗಳನ್ನು ಬಿಡುತ್ತಾರೆ. ಬಿಡುವ ಮೊದಲು ದಿನಕ್ಕಿಷ್ಟು ಚಿತ್ರ ಅಂತ ಫೋನಿನಲ್ಲಿ ತೋರಿಸಿ ಜನರ ಬಾಯಲ್ಲಿ ನೀರೂರಿಸುತ್ತಾರೆ. ಇನ್ನೂ ಯಾರೂ ಆಡದ ಕಾರ್ಡು ಗಟ್ಟಿಯೋ ಜೊಳ್ಳೋ ಎಂದು ಆಗಲೇ ಹೇಳುವುದಿದೆಯಲ್ಲ, ಅದು ಮನೆಗೆ ಕಾಲಿಡುವ ಮೊದಲೇ ಸೊಸೆಯ ಗುಣ ಹೇಳಿದ ಹಾಗೆ. ಹೇಳುವವರು ಸಾವಿರ ಜನ, ಸರಿಯಾಗಿ ಹೇಳುವವರು ಎಲ್ಲೋ ಒಬ್ಬಿಬ್ಬರು. ಆ ಒಬ್ಬಿಬ್ಬರಲ್ಲಿ ಒಬ್ಬ ತಕ್ಕಡಿ, ಇನ್ನೊಬ್ಬ ಅವನ ಅಕ್ಕನ ಗಂಡ.

ಇಬ್ಬರದೂ ಒಂದು ಪದ್ಧತಿಯಿತ್ತು. ಅಂಗಡಿಯಮ್ಮ ಹೊಸ ಕಾರ್ಡನ್ನು ಕಾಗದದ ಮೇಲೆ ಅಚ್ಚು ಹಾಕಿ, ಕತ್ತರಿಸಿ, ಹಳೇ ಕಾರ್ಡಿನ ಪ್ಲಾಸ್ಟಿಕ್ ಕವಚದೊಳಗೆ ತೂರಿಸಿ ಕೊಡುವಳು. ಮೊದಲು ಚಿತ್ರದ ಮೇಲೆ ಹೆಬ್ಬೆರಳಿಟ್ಟು ಬರೆದದ್ದನ್ನು ಮಾತ್ರ ಓದಬೇಕು, ಏಕೆಂದರೆ ಚಿತ್ರ ಮೋಸಗಾತಿ. ಆಮೇಲೆ ಭಾವ ಕಾರ್ಡಿನ ಪರ ವಾದಿಸುವನು, ತಕ್ಕಡಿ ವಿರುದ್ಧ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಭಾವನಿಗೆ ಹಡೆಯದಿದ್ದರೂ ಎಲ್ಲ ಹೆಗ್ಗಣವೂ ಮುದ್ದೇ. ವಾದ ಮುಗಿದ ಮೇಲೆ ಆಡಿ ನೋಡುವುದು. ಕೊನೆಗೆ ಮೇಜಿನ ಕೆಳಗೆ ಬೆರಳು ಮಡಚಿ, "ಹೂಂ" ಅಂದ ಕೂಡಲೇ ಇಬ್ಬರೂ ಕೈ ಎತ್ತುವುದು. ಒಬ್ಬನದು ಒಂಬತ್ತು, ಇನ್ನೊಬ್ಬನದು ನಾಲ್ಕು. ಎತ್ತು ಏರಿಗೆ, ಕೋಣ ನೀರಿಗೆ. ಎರಡರ ನಡುವಿನ ಅಂಕ ಗೋಡೆಯ ಹಲಗೆಗೆ ಏರುತ್ತಿತ್ತು, ಅದು ಹುಸಿಹೋಗುತ್ತಿದ್ದದ್ದು ಅಪರೂಪ.

ಈಗ ಹಲಗೆಯ ಮೇಲೆ ಒಬ್ಬನದೇ ಅಂಕ. ಅಕ್ಕ ಗಂಡನ ಮನೆ ಬಿಟ್ಟು ತಮ್ಮನ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ದೊಡ್ಡ ಜಗಳವೇನೂ ನಡೆದಿರಲಿಲ್ಲ. ಒಗೆದು ಒಗೆದು ಬಟ್ಟೆ ನೂಲು ಬಿಡುವ ಹಾಗೆ ಸಂಸಾರ ಬಿಟ್ಟುಹೋಗಿತ್ತು. ಅವಳು ಬಂದ ವಾರವೇ ಭಾವ ಕಾರ್ಡಿನ ಅಂಗಡಿಗೆ ಬರುವುದು ನಿಂತಿತು. ತಕ್ಕಡಿ ಕರೆಯಲೂ ಇಲ್ಲ. ಹೇಗೆ ಕರೆದಾನು? ಮನೆಯಲ್ಲಿ ಅಕ್ಕನ ಬಾತುಕೊಂಡ ಕಣ್ಣು ನೋಡಿ ಬಂದು, ಇಲ್ಲಿ ಭಾವನ ಜೊತೆ ನಗುತ್ತ ಕೂತರೆ ಎರಡೂ ಕಡೆಯ ಉಪ್ಪಿಗೆ ದ್ರೋಹ ಮಾಡಿದಂತೆ ಅನಿಸುತ್ತಿತ್ತು.

"ಸರಿ ಬಿಡು, ಈಗ ಮೂರು ಅಂತ ಬರೆಯಲ್ಲ," ಎಂದಳು ಅಂಗಡಿಯಮ್ಮ, ಕಾರ್ಡನ್ನು ವಾಪಸು ಕೊಡುತ್ತ. "ನಾಳೆ ಸಂಜೆವರೆಗೆ ಟೈಮಿದೆ. ಮನೆಗೆ ತಗೊಂಡು ಹೋಗಿ ಇನ್ನೊಂದು ಸಲ ನೋಡು. ಅಲ್ಲ, ನಿನ್ನ ಅಂಕ ಇತ್ತೀಚೆಗೆ ಯಾಕೋ ಎಲ್ಲದಕ್ಕೂ ಮೂರು, ನಾಲ್ಕು ಅಂತಲೇ ಬರ್ತಿದೆ. ಕಾರ್ಡು ಕೆಟ್ಟಿದೆಯೋ, ತಕ್ಕಡಿ ಕೆಟ್ಟಿದೆಯೋ?"

ಸಂಜೆ ಮನೆಯಲ್ಲಿ ಅವನು ಊಟದ ಮೇಜಿನ ಎರಡೂ ಬದಿಗೆ ಕಾರ್ಡು ಹರಡಿ, ಈ ಕುರ್ಚಿಯಿಂದ ಆ ಕುರ್ಚಿಗೆ ಎದ್ದು ಹೋಗಿ ಕೂತು ಆಡುತ್ತಿದ್ದ. ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಕೆಲಸ ಮುಗಿಸಿ ಬಂದ ಅಕ್ಕ ಬಾಗಿಲಲ್ಲೇ ನಿಂತು ನೋಡಿದಳು.

"ಯಾರು ಗೆಲ್ತಿದ್ದಾರೆ?"

"ನಾನೇ."

"ಸೋಲ್ತಿರೋದು?"

"ಅದೂ ನಾನೇ."

"ಒಳ್ಳೇದಾಯ್ತು ಬಿಡು, ಮನೆ ಮಾನ ಮನೇಲೇ ಉಳೀತು." ಚೀಲ ಇಳಿಸಿ ಎದುರಿನ ಕುರ್ಚಿಯಲ್ಲಿ ಕೂತಳು. "ತಾ, ನಾನು ನೋಡ್ತೀನಿ. ಇವಳ್ಯಾರು, ದೀಪ ಹಿಡಿದವಳು? ಇವಳಿಗೆ ಏಳು ಕೊಡು."

"ಯಾಕೆ ಏಳು?"

"ಪಾಪ, ಅಷ್ಟು ಹೊತ್ತು ದೀಪ ಎತ್ತಿ ಹಿಡಿದು ಕೈ ನೋಯ್ತಿರುತ್ತೆ."

ಅವನು ನಕ್ಕ. ಅವಳೂ ನಕ್ಕಳು. ಆಮೇಲೆ ಇಬ್ಬರಿಗೂ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ಒಂದು ಕಾರ್ಡು ಎತ್ತಿ, ತಿರುಗಿಸಿ, ಇದ್ದಲ್ಲೇ ಇಟ್ಟಳು.

"ಅವರು ಬರ್ತಾರಾ ಅಲ್ಲಿಗೆ?"

"ಇಲ್ಲ."

"ನೀನು ಕರೆದೆಯಾ?"

"ಇಲ್ಲ."

"ನಾನೇನು ಬೇಡ ಅಂದಿದ್ದೆನಾ?"

"ಕರಿ ಅಂತಲೂ ಅಂದಿಲ್ಲವಲ್ಲ."

"ನನ್ನ ಜಗಳ ನನ್ನದು ಕಣೋ. ಅದರಲ್ಲಿ ನಿನಗೆ ಪಾಲು ಕೊಟ್ಟಿಲ್ಲ ನಾನು," ಎಂದು ಅವಳು ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಬಹಳ ಹೊತ್ತು ಕೇಳಿಸಿತು. ಬಾಯಲ್ಲಿ ಹಾಗೆ ಅಂದರೂ, ತಮ್ಮನ ಫೋನು ಬಡಿದುಕೊಂಡರೆ ಸಾಕು, ಅವಳು ಟೀವಿಯ ಸದ್ದು ತಗ್ಗಿಸುತ್ತಿದ್ದಳು. ಯಾರ ಫೋನು ಬರಲಿ ಎಂದು ಕಾಯುತ್ತಿದ್ದಳೋ, ಯಾರದು ಬಾರದಿರಲಿ ಎಂದೋ, ಕಾರ್ಡು ತೂಗುವವನಿಗೆ ಅದನ್ನು ತೂಗಲಾಗುತ್ತಿರಲಿಲ್ಲ.

ತಕ್ಕಡಿಯ ಹೊಟ್ಟೆಪಾಡು ಬೇರೆ: ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಮಾರನೆಯ ದಿನ ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟು ಪರೀಕ್ಷೆಯ ಕೋಣೆಗೆ ಬಂದರೆ, ಎತ್ತರದ ಕುರ್ಚಿಯ ಪಕ್ಕ ಕೆಲಸದ ನೀಲಿ ಅಂಗಿಯಲ್ಲೇ ಭಾವ ನಿಂತಿದ್ದ. ಭಾವ ಲಿಫ್ಟ್ ರಿಪೇರಿಯವನು. ದಾರಿಯಲ್ಲಿ ಬೇರೆ ಕನ್ನಡಕದ ಅಂಗಡಿಗಳಿರಲಿಲ್ಲವೆಂದಲ್ಲ.

"ಹತ್ತಿರದ್ದು ಏನೂ ಕಾಣಲ್ಲ ಮಾರಾಯ," ಎಂದ ಭಾವ, ಗೋಡೆ ನೋಡುತ್ತ. "ತಂತಿ ಕೆಂಪೋ ಕಂದೋ ಗೊತ್ತಾಗಲ್ಲ. ಮೇಲೆ ಹೋಗಬೇಕಾದವರು ಒಂದಿನ ಕೆಳಗೆ ಹೋದಾರು."

"ಕೂತ್ಕೊಳ್ಳಿ, ಭಾವ."

ಭಾವ ಎನ್ನುವ ಆ ಮಾತು ಹಳೇ ಚಪ್ಪಲಿಯ ಹಾಗೆ ತಾನಾಗಿಯೇ ಕಾಲಿಗೆ ಬಂದುಬಿಟ್ಟಿತು. ಇನ್ನೂ ಅದು ಹೊಂದುತ್ತದೆಯೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಭಾವ ಒಮ್ಮೆ ಅವನ ಮುಖ ನೋಡಿ ಕುರ್ಚಿ ಏರಿದ. ತಕ್ಕಡಿ ಪರೀಕ್ಷೆಯ ದಪ್ಪ ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಒಂದೊಂದೇ ಗಾಜು ಹಾಕಿ, ತೆಗೆದು, ಕೇಳಿದ:

"ಇದು ಸ್ಪಷ್ಟವೋ, ಇದೋ?"

"ಎರಡೂ ಒಂದೇ."

"ಇದು?"

"ಹಾಂ, ಈಗ ಅಕ್ಷರಕ್ಕೆ ಕೈಕಾಲು ಬಂತು."

ಹತ್ತಿರದ ಓದಿಗೆಂದು ಕೊಡುವ ರಟ್ಟು ಮೇಜಿನ ಮೇಲೆಯೇ ಇತ್ತು. ತಕ್ಕಡಿ ಅದನ್ನು ಬಿಟ್ಟು ಜೇಬಿಗೆ ಕೈ ಹಾಕಿ ಆ ಕಾರ್ಡು ತೆಗೆದುಕೊಟ್ಟ. ಭಾವನ ಹೆಬ್ಬೆರಳು ಯಾರೂ ಹೇಳದೆಯೇ ಚಿತ್ರದ ಮೇಲೆ ಹೋಗಿ ಕೂತಿತು. ಅವನು ನಿಧಾನವಾಗಿ ಓದಿದ: "ದೀಪದವಳು. ಇವಳು ಕಣಕ್ಕೆ ಬಂದಾಗ, ಸತ್ತ ನಿನ್ನ ಒಬ್ಬ ಸೈನಿಕನನ್ನು ಎತ್ತಿ ಕೈಗೆ ತೆಗೆದುಕೋ. ಕಣದಲ್ಲಿ ನಿನ್ನವರು ಯಾರೂ ಉಳಿದಿಲ್ಲದಿದ್ದರೆ, ಇಬ್ಬರನ್ನು ತೆಗೆದುಕೋ."

ಆಮೇಲೆ ಭಾವ ಕೈಯನ್ನು ಕುರ್ಚಿಯ ತೋಳಿನ ಕೆಳಗೆ ಇಳಿಸಿದ. ತಕ್ಕಡಿಯೂ ಕೈ ಬೆನ್ನ ಹಿಂದೆ ಇಟ್ಟುಕೊಂಡ.

"ಹೂಂ."

ಮೂರು ಬೆರಳು. ಎದುರಿಗೂ ಮೂರು ಬೆರಳು.

ತಕ್ಕಡಿ ಭಾವನ ಬೆರಳುಗಳನ್ನು ಇನ್ನೊಮ್ಮೆ ಎಣಿಸಿದ. "ನೀವು? ಮೂರಾ?"

"ಯಾಕೆ, ನನಗೆ ಮೂರು ಬರಬಾರದಾ?"

"ಹೋದ ಸಲ ಕಾಲು ಮುರಿದ ಕುದುರೆಗೂ ಏಳು ಕೊಟ್ಟವರು ನೀವು!"

"ಆ ಕುದುರೆ ಪಾಪದ್ದು. ಇವಳ ಬಾಯಿ ದೊಡ್ಡದು," ಎಂದ ಭಾವ. "ಎಲ್ಲ ಖಾಲಿಯಾದ ಮೇಲೆ ಬಂದು ಇಬ್ಬರನ್ನ ಎಬ್ಬಿಸ್ತಾಳಂತೆ. ಬರೆಯೋಕೆ ಏನು? ಅಷ್ಟು ಹೊತ್ತಿಗೆ ಇವಳು ಕೈಯಲ್ಲಿ ಇರಬೇಕಲ್ಲ. ಇರಲ್ಲ. ಆ ಹೊತ್ತಿಗೆ ಅಂತ ಬೇಕಾದ ಯಾವ ಕಾರ್ಡೂ ಕೈಯಲ್ಲಿ ಇರಲ್ಲ ಕಣೋ, ನೋಡಿದೀನಿ. ನಿನ್ನದು ಯಾಕೆ ಮೂರು?"

"ಆಡಿ ನೋಡಿದೆ. ಎಷ್ಟು ಆಟ ಆಡಿದರೂ ಇವಳು ಇಬ್ಬರನ್ನ ಎತ್ತೋ ಸಂದರ್ಭವೇ ಬರಲಿಲ್ಲ."

"ಯಾರ ಜೊತೆ ಆಡಿದೆ?"

ತಕ್ಕಡಿ ಗಾಜಿನ ಪೆಟ್ಟಿಗೆ ಸರಿಮಾಡಿದ. "ಯಾರ ಜೊತೇನೂ ಇಲ್ಲ. ಎರಡೂ ಕಡೆ ನಾನೇ."

ಆ ದಪ್ಪ ಫ್ರೇಮಿನ ಹಿಂದೆ ಭಾವನ ಕಣ್ಣು ಮೊದಲ ಸಲ ಕಿರಿದಾಯಿತು. "ಅಲ್ವೋ ಪೆದ್ದ, ನಿನ್ನ ಕೋಟೆಗೆ ನೀನೇ ಬೆಂಕಿ ಇಡೋಕೆ ನಿನಗೆ ಕೈ ಬರುತ್ತಾ? ಈ ಕಡೆ ಇಬ್ಬರು, ಆ ಕಡೆ ಇಬ್ಬರು ಉಳಿಸಿಕೊಂಡೇ ಆಡಿರ್ತೀಯ. ಕಣ ಖಾಲಿ ಆಗೋದು ಎಲ್ಲಿಂದ?"

ನಿಜವಾಗಿತ್ತು. ಒಂದು ಬದಿ ಬರಿದಾಗುತ್ತ ಬಂದಾಗೆಲ್ಲ ತನ್ನ ಕೈ ಹಿಂದೆಗೆದದ್ದು, ಕೊನೆಯ ಸೈನಿಕನನ್ನು ಹೊಡೆಯದೆ ಬಿಟ್ಟು ಏನೋ ಬೇರೆ ಕಾರ್ಡು ಎಸೆದದ್ದು ತಕ್ಕಡಿಗೆ ನೆನಪಾಯಿತು. ಇಷ್ಟು ತಿಂಗಳ ಅಂಕಗಳೆಲ್ಲ ಹಾಗೆಯೇ ಬಂದವು. ಒಬ್ಬನೇ ಕೂತವನು ತನ್ನ ಮೇಲೆ ತಾನೇ ಕರುಣೆ ತೋರಿಸಿದ್ದ, ಅದು ಅವನಿಗೇ ಗೊತ್ತಾಗಿರಲಿಲ್ಲ.

"ಹಾಗಾದರೆ ನನ್ನ ಮೂರು ಲೆಕ್ಕಕ್ಕಿಲ್ಲ," ಎಂದ. ದನಿ ಏರಿತು. "ಮತ್ತೆ ನೀವು ಹೇಳಿದ್ದೂ ತಪ್ಪು ಭಾವ. ಇವಳು ಕೈಯಲ್ಲಿ ಯಾಕೆ ಇರಲ್ಲ? ಅವಸರಕ್ಕೆ ಬಿದ್ದು ಮೊದಲೇ ಇಳಿಸಿದರೆ ಇರಲ್ಲ. ಹಿಡಿದು ಕೂರಬೇಕು. ಬೇರೆಯವರೆಲ್ಲ ಸಾಯಲಿ, ಇವಳನ್ನ ಮಾತ್ರ ಇಳಿಸಬಾರದು. ಕಡಿಮೆ ಅಂದರೂ ಏಳು."

"ನೀನು ಯಾವಾಗಿಂದ ವಕೀಲ ಆದೆಯೋ?"

"ನೀವು ಬರೋದು ಬಿಟ್ಟಾಗಿಂದ. ಆ ಕೆಲಸ ಖಾಲಿ ಇತ್ತು."

ಭಾವ ಫ್ರೇಮನ್ನು ತಾನೇ ತೆಗೆದು ಮಡಿಲಲ್ಲಿಟ್ಟುಕೊಂಡ. ಮೂಗಿನ ಎರಡೂ ಬದಿಗೆ ಕೆಂಪು ಗುರುತು ಬಿದ್ದಿತ್ತು.

"ಬನ್ನಿ," ಎಂದ ತಕ್ಕಡಿ. ಇಷ್ಟು ದಿನ ಗಂಟಲಲ್ಲೇ ಇದ್ದ ಮಾತು ಹೊರಬಂದಾಗ ಸಣ್ಣದಾಗಿತ್ತು. "ಇವತ್ತು ಸಂಜೆ ಹಲಗೆಗೆ ಬರೀಬೇಕು. ಇಬ್ಬರದೂ ಒಂದೇ ಅಂಕ ಬಂದರೆ ಒಬ್ಬ ಸರಿಯಾಗಿ ನೋಡಿಲ್ಲ ಅಂತ ಅರ್ಥ, ಮತ್ತೆ ತೂಗಬೇಕು ಅಂತ ನಿಯಮ ಮಾಡಿದ್ದು ನೀವೇ."

"ನಿನ್ನಕ್ಕ?"

"ಅವಳ ಜಗಳದಲ್ಲಿ ನನಗೆ ಪಾಲಿಲ್ಲವಂತೆ."

"ಹಾಗಂದಳಾ?"

"ಹಾಗೇ ಅಂದಳು."

ಭಾವ ತಲೆಯಾಡಿಸಿದ. "ಅವಳು ಹೇಗಿದ್ದಾಳೆ ಅಂತ ನಾನು ಕೇಳಲಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

"ಕನ್ನಡಕ ಯಾವಾಗ ಕೊಡ್ತೀಯ?"

"ಒಂದು ವಾರ ಬೇಕು ಭಾವ."

"ಮತ್ತೆ ಅಲ್ಲೀವರೆಗೆ ಕಾರ್ಡಿನ ಮೇಲಿರೋದನ್ನ ನನಗೆ ಯಾರು ಓದಿ ಹೇಳ್ತಾರೆ?"

"ನಾನು ಓದ್ತೀನಿ."

"ನೀನು ಓದಿದರೆ ಎಲ್ಲ ಕಾರ್ಡೂ ಸತ್ತವರ ಸುದ್ದಿ ಥರ ಕೇಳುತ್ತೆ," ಎಂದು ಭಾವ ಕುರ್ಚಿಯಿಂದ ಇಳಿದ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಬಾಗಿಲು ತಳ್ಳಿಕೊಂಡು ಹೋದ.

ತಕ್ಕಡಿ ಗಾಜುಗಳನ್ನು ಒರೆಸಿ ಪೆಟ್ಟಿಗೆಯ ಗೂಡುಗಳಿಗೆ ಸೇರಿಸುತ್ತ ಬೀದಿಯತ್ತ ನೋಡಿದ. ಎದುರಿನ ಸಿಗ್ನಲ್ಲಿನ ಬಳಿ ಜನ ಗುಂಪಾಗಿ ನಿಂತಿದ್ದರು. ಅವರ ನಡುವೆ ನೀಲಿ ಅಂಗಿ. ದಾಟುವವರಿಗೆ ಹಸಿರು ದೀಪ ಬಿತ್ತು. ಜನ ಆ ಕಡೆ ಈ ಕಡೆಯಿಂದ ತಾಗಿಕೊಂಡು ಮುಂದೆ ಹೋದರು. ಭಾವ ಮಾತ್ರ ಅಲ್ಲೇ ನಿಂತಿದ್ದ, ತೋಳನ್ನು ಆದಷ್ಟು ಉದ್ದಕ್ಕೆ ಚಾಚಿ, ತಲೆ ಹಿಂದಕ್ಕೆ ವಾಲಿಸಿ, ವಾಪಸು ಕೊಡದೆ ಒಯ್ದಿದ್ದ ಆ ಕಾಗದದ ಕಾರ್ಡನ್ನು ಓದಲು ನೋಡುತ್ತ. ದೀಪ ಮತ್ತೆ ಕೆಂಪಾಯಿತು, ವಾಹನಗಳು ಹೊರಟವು.