ಸಂಡೂರನ್ನು ಯಾವ ಗುಂಪಿಗೆ ಸೇರಿಸುವುದು?

೧

ನೀರು ಚಿಮುಕಿಸಿದ ಲಾವಂಚದ ವಾಸನೆ. ಇಲ್ಲಿಂದ ಶುರು ಮಾಡಿದರೆ ಹೇಗೆ? ಹವಾಮಾನದ ಕಥೆಯಾದ್ದರಿಂದ ಮೊದಲು ಥರ್ಮಾಮೀಟರಿನಿಂದ ತೊಡಗಿದ್ದೆ. ಎರಡು ಸಾಲಿಗೇ ನನಗೆ ಆಕಳಿಕೆ ಬಂತು. ಇನ್ನು ನಿಮ್ಮ ಗತಿ? ಲಾವಂಚವೇ ಇರಲಿ.

ಇದು ತ್ರಿವೇಣಿಯವರ ಬಾಲ್ಯದ ವಾಸನೆ. ಬೇಸಿಗೆ ರಜೆಗೆ ಸಂಡೂರಿನ ಅಜ್ಜನ ಮನೆಗೆ ಹೋದರೆ ಕಿಟಕಿಗಳಿಗೆಲ್ಲ ಲಾವಂಚದ ತಟ್ಟಿ, ಒಳಗೆ ತಣ್ಣನೆಯ ಮಬ್ಬು. ಆಗಿನಿಂದ ಅವರ ಪಾಲಿಗೆ ಸಂಡೂರು ಎಂದರೆ ತಂಪು. ಹೊಸಪೇಟೆಯ ಕಾಲೇಜಿನಲ್ಲಿ ಭೂಗೋಳ ಕಲಿಸುವಾಗಲೂ ಹಾಗೇ ಹೇಳಿದರು.

೨

ಈಗ ಅವರು ನಿವೃತ್ತರು. ಒಂದು ಹೊಲಿಗೆ ಕಂಪನಿಗೆ (ಹೆಸರಿಡಲು ಹೋಗಿ ಬಿಟ್ಟೆ) ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳಲ್ಲಿ ಶೆಡ್ಡುಗಳಿವೆ. ಈ ಬೇಸಿಗೆಯಿಂದ 'ಬಿಸಿ' ಊರುಗಳಲ್ಲಿ ಮಧ್ಯಾಹ್ನಕ್ಕೇ ಕೆಲಸ ಬಿಡುವುದು, 'ತಂಪು' ಊರುಗಳಲ್ಲಿ ಸಂಜೆಯವರೆಗೆ ಹೊಲಿಸುವುದು ಎಂದಾಗಿದೆ. ಯಾವ ಊರು ಯಾವ ಗುಂಪಿಗೆ ಎಂದು ಹೇಳುವ ಕೆಲಸವನ್ನು, ಭೂಗೋಳ ಬಲ್ಲವರೆಂದು, ಕಂಪನಿ ತ್ರಿವೇಣಿಯವರಿಗೆ ಒಪ್ಪಿಸಿದೆ.

ಹೊಸಪೇಟೆ ಬಿಸಿ, ಚರ್ಚೆಯೇ ಇಲ್ಲ. ಹಂಪಿಯ ಬಂಡೆಗಳು ಹೊತ್ತು ಮುಳುಗಿದ ಮೇಲೂ ಕಾವು ಬಿಡುತ್ತವೆ, ಬಿಸಿ. ಕಂಪ್ಲಿಯಲ್ಲಿ ಹೊಳೆ, ಗದ್ದೆ ಎಲ್ಲ ಇದೆ, ಬೆವರು ಮಾತ್ರ ಆರುವುದಿಲ್ಲ, ಅದೂ ಬಿಸಿ.

"ಸಂಡೂರ್ ತಂಪು ಅಂತ ಹಾಕ್ರಿ ಮೇಡಂ," ಎಂದ ಮ್ಯಾನೇಜರ್ ಬಸವಕುಮಾರ್. "ಸುತ್ತ ಗುಡ್ಡ ಅದಾವ, ಗಿಡ ಅದಾವ. ನಾಕೂ ಊರು ಬಿಸಿ ಅಂದ್ರ ಕಂಪನಿ ಹೆಂಗ ನಡೀಬೇಕ್ರಿ?"

"ಒಮ್ಮೆ ನೋಡಿ ಬರ್ತೀನಪ್ಪ," ಎಂದು ತ್ರಿವೇಣಿ ಸಂಡೂರಿನ ಬಸ್ಸು ಹತ್ತಿದರು.

೩ (ಅಳಿಸಿದ್ದು)

ಸಂಡೂರಿನ ತಗಡಿನ ಶೆಡ್ಡಿನಲ್ಲಿ ಹೊಲಿಯುತ್ತಿದ್ದ ಬಸುರಿ ದೇವಿಕಾ, ಮಿಷನ್ನಿನ ಮೇಲೆಯೇ ಎಚ್ಚರ ತಪ್ಪಿ ಬಿದ್ದಳು.

ಇಲ್ಲಿ ದೇವಿಕಾ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಯಾಕ್ರೀ ಅಮ್ಮಾರೇ, ನಾ ಬಿದ್ರ ಮಾತ್ರ ಬಿಸಿಲೈತಿ ಅಂತ ನಂಬ್ತೀರೇನ್ರಿ? ಬೆವರು ಒರಸ್ಕೊಂತ ಕುಂತ್ರ ಸಾಲಲ್ಲೇನ್ರಿ?"

"ಕಥೆಗೆ ಒಂದು ಘಟನೆ ಬೇಕಮ್ಮ."

"ಭಾಳ ಚೆಂದಾತು. ನಿಮ್ಮ ಕಥೀ ಸಲುವಾಗಿ ನನ್ನ ಕೂಸು ಯಾಕ ಬೀಳಬೇಕು? ಬ್ಯಾರೆ ಏನರ ಬರೀರಿ."

(ನಾಚಿಕೆಯಾಯಿತು. ಡಿಲೀಟ್.)

೪

ದೇವಿಕಾ ಬೀಳಲಿಲ್ಲ. ಬೆವರು ಒರೆಸಿಕೊಳ್ಳುತ್ತ ಹೊಲಿಯುತ್ತಿದ್ದಳು. ತ್ರಿವೇಣಿಯವರನ್ನು ಆಫೀಸು ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಅದೇ ವಾಸನೆ! ಕಿಟಕಿಯಲ್ಲಿ ಲಾವಂಚದ ಕೂಲರ್. 'ನಾನು ಅಂದುಕೊಂಡದ್ದು ಸರಿಯೇ, ಸಂಡೂರು ತಂಪು' ಎಂದು ಅವರು ಪೆನ್ನು ತೆಗೆಯುವಷ್ಟರಲ್ಲಿ ಹೊರಗೆ ನೀರಿನ ಕೊಡದ ಸದ್ದು. ಇಣುಕಿದರೆ, ಶೆಡ್ಡಿನ ಕಸಗುಡಿಸುವ ದುರ್ಗಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು, ಉರಿಬಿಸಿಲಿನಲ್ಲಿ ನಿಂತು ಕೂಲರಿಗೆ ನೀರು ಸುರಿಯುತ್ತಿದ್ದಳು.

ಅಜ್ಜನ ಮನೆಯ ತಟ್ಟಿಗೂ ಯಾರೋ ಹೊರಗೆ ನಿಂತು ನೀರು ಹಾಕುತ್ತಿದ್ದಿರಬೇಕು. ಯಾರು? ತ್ರಿವೇಣಿಯವರಿಗೆ ಒಂದು ಮುಖವೂ ನೆನಪಾಗಲಿಲ್ಲ. (ನನಗೂ ಗೊತ್ತಿಲ್ಲ. ಮೊದಲ ಭಾಗವನ್ನು ಒಳಗೆ ಕೂತೇ ಬರೆದಿದ್ದೆ.)

ಅವರು ಕುರ್ಚಿ ಎತ್ತಿಕೊಂಡು ಹೋಗಿ ತಗಡಿನ ಕೆಳಗೆ, ದೇವಿಕಾಳ ಪಕ್ಕದಲ್ಲಿ ಕೂತರು. ಸಂಡೂರಿನ ಮುಂದೆ 'ಬಿಸಿ' ಎಂದು ಬರೆದರು.

೫

ಬಸವಕುಮಾರ್ ಒಪ್ಪಿದ. ಅಥವಾ, "ಮೇಡಂಗ ವಯಸ್ಸಾತು ಬಿಡ್ರಿ" ಎಂದು ಇನ್ನೊಬ್ಬ ಮೇಷ್ಟರನ್ನು ಹಿಡಿದ. ಅಥವಾ 'ಸಾಧಾರಣ' ಎಂಬ ಮೂರನೆಯ ಗುಂಪನ್ನು ಹುಟ್ಟಿಸಿದ (ಅವನನ್ನು ಬಲ್ಲೆ, ಇದಕ್ಕೂ ಹೇಸುವವನಲ್ಲ). ಇವುಗಳಲ್ಲಿ ಒಂದನ್ನು ಆರಿಸಿ ಕೊಡಿ ಎನ್ನುತ್ತೀರಿ. ಹೇಗೆ ಕೊಡಲಿ? ಕಾಗದ ಇನ್ನೂ ತ್ರಿವೇಣಿಯವರ ತೊಡೆಯ ಮೇಲಿದೆ.

ಅಷ್ಟರಲ್ಲಿ ಊಟದ ಹೊತ್ತಾಯಿತು. ದೇವಿಕಾ ದುರ್ಗಕ್ಕನ ಪಾಲನ್ನು ಮೊದಲು ತೆಗೆದಿಟ್ಟಳು. ಆಮೇಲೆ ಡಬ್ಬಿಯ ಮುಚ್ಚಳದಲ್ಲಿ ರೊಟ್ಟಿ, ಪುಂಡಿಪಲ್ಯ ಹಾಕಿ ತ್ರಿವೇಣಿಯವರ ಕೈಗೆ ಕೊಟ್ಟಳು.