ಕೊನೆಯ ಹಂದಿ ಕಾಯುವವನ ಫೋಟೋ

ನಮ್ಮ ಬ್ರೋಕ್‌ಸ್ಟೆಡ್ ಊರಿನ ಇತಿಹಾಸದ ಪುಸ್ತಕ ಅಚ್ಚಾಗಿ ಬಂತು. ನಲವತ್ತೆರಡನೇ ಪುಟದಲ್ಲಿ ನನ್ನ ಅಪ್ಪ ಸತ್ತುಹೋಗಿದ್ದ.

"ಊರಿನ ಕೊನೆಯ ಹಂದಿ ಕಾಯುವವರಾದ ದಿವಂಗತ ವಿಲ್ಫ್ ಪರ್ಕಿಸ್" ಎಂದಿತ್ತು. ಸಭಾಭವನದ ನೆಲ ಒರೆಸುವವಳು ನಾನೇ ಆದ್ದರಿಂದ ಅಲ್ಲಿಗೆ ಬಂದ ಪುಸ್ತಕದ ಪೆಟ್ಟಿಗೆ ಬಿಚ್ಚಿ ಮೊದಲು ಓದಿದವಳೂ ನಾನೇ. ಮನೆಗೆ ಹೋದಾಗ ಅಪ್ಪ ತನ್ನ ಹೆಣ್ಣುಹಂದಿ ಡಚೆಸ್‌ಗೆ ಆಲೂಗಡ್ಡೆ ಸಿಪ್ಪೆ ಸುರಿಯುತ್ತಿದ್ದ.

"ಸತ್ನಾ ನಾನು? ಯಾವಾಗಂತೆ?"

"ಇಸವಿ ಹಾಕಿಲ್ಲ."

"ಹಂಗಾದ್ರೆ ಇನ್ನೂ ಟೈಮಿದೆ ಬಿಡು. ಸಹಿ ಹಾಕಿದ್ನಾ ಅವನು?"

ಅಪ್ಪನಿಗೆ ಬೇಕಿದ್ದದ್ದು ಆ ಸಹಿ ಒಂದೇ. ಓಕ್ ಕಾಯಿ ಉದುರುವ ಎರಡು ತಿಂಗಳು ಕಾಡಿಗೆ ಹಂದಿ ಬಿಡುವ ಹಕ್ಕು ನಮ್ಮಲ್ಲಿ ಮನುಷ್ಯರಿಗಿಲ್ಲ, ಹಳೆಯ ಮನೆಗಳಿಗಿದೆ. ಮನೆ ಯಾರದೋ ಹಕ್ಕೂ ಅವರದು. ನನ್ನಜ್ಜ ಹುಟ್ಟಿದ ಮನೆಯನ್ನು ಲಂಡನ್ನಿನ ಕ್ರಿಸ್ಪಿನ್ ಹಾರ್ಕೋರ್ಟ್ ಹೋದ ವರ್ಷ ಕೊಂಡ. ವಾರಕ್ಕೆರಡು ದಿನ ಬರುತ್ತಾನೆ. ಇತಿಹಾಸ ಸಮಿತಿಯ ಅಧ್ಯಕ್ಷನೂ ಅವನೇ. ಅದಕ್ಕೂ ಮುಂಚೆ ಅಲ್ಲಿದ್ದ ಮುದುಕಿ ಆ ಹಕ್ಕನ್ನು ನಮಗೆ ಬಿಟ್ಟುಕೊಡುವ ಕಾಗದಕ್ಕೆ ಪ್ರತಿ ವರ್ಷ ಕೇಳುವ ಮೊದಲೇ ಸಹಿ ಹಾಕಿಕೊಡುತ್ತಿದ್ದಳು. ಈಗ ಡಚೆಸ್ ಕಾಡಿಗೆ ಹೋಗದಿದ್ದರೆ ಕಸಾಯಿಖಾನೆಗೇ ಹೋಗಬೇಕು. ಮೇವು ಕೊಂಡು ಚಳಿಗಾಲ ದಾಟಿಸುವಷ್ಟು ನಮ್ಮ ಕೈಯಲ್ಲಿಲ್ಲ.

ಶನಿವಾರ ಹಾರ್ಕೋರ್ಟನನ್ನು ಸಭಾಭವನದಲ್ಲಿ ಹಿಡಿದೆ. ಅಪ್ಪನ ಇಕ್ಕಳವನ್ನು ಗಾಜಿನ ಪೆಟ್ಟಿಗೆಯಲ್ಲಿ ಓರೆಯಾಗಿಟ್ಟು ನೋಡುತ್ತಿದ್ದ. ಕಾಡಿನ ನೆಲ ಕೆದಕದಂತೆ ಹಂದಿಯ ಮೂಗಿಗೆ ತಂತಿ ಉಂಗುರ ಹಾಕುವ ಇಕ್ಕಳ ಅದು. ಪ್ರದರ್ಶನಕ್ಕೆಂದು ನಾನೇ ಕೊಟ್ಟಿದ್ದೆ.

"ಹೇಝಲ್, ಎಂಥಾ ಜೀವಂತ ವಸ್ತು ಇದು," ಎಂದ.

"ಅಪ್ಪನೂ ಜೀವಂತ ಇದ್ದಾರೆ, ಸರ್."

"ಅಯ್ಯೋ, ಹೌದಾ? ತಿದ್ದುಪಡಿ ಚೀಟಿ ಅಂಟಿಸೋಣ. ನೀವೇ ಅಂಟಿಸಿಬಿಡ್ತೀರಾ? ಮುನ್ನೂರೇ ಪ್ರತಿ."

ಸಹಿಯ ಮಾತೆತ್ತಿದೆ. ಅವನು ಮೂಗು ಒರೆಸಿಕೊಂಡ. "ಹಂದಿ ನಮ್ಮ ಗೇಟಿನ ಮುಂದೇ ಹಾದು ಹೋಗಬೇಕಲ್ಲ. ಆ ವಾಸನೆ ಇದೆಯಲ್ಲ... ಅತಿಥಿಗಳು ಬರ್ತಾರೆ."

ಅದನ್ನು ಹೇಳುವಾಗ ಅವನ ಕೈಯಲ್ಲಿ ಹುರಿದ ಹಂದಿಮಾಂಸ ತುಂಬಿದ ಬನ್ನಿತ್ತು. ಪುಸ್ತಕ ಬಿಡುಗಡೆಯ ದಿನಕ್ಕೆಂದು ರುಚಿ ನೋಡುತ್ತಿದ್ದ. ಗಲ್ಲದ ಮೇಲೆ ಕೊಬ್ಬು ಇಳಿಯುತ್ತಿತ್ತು.

ಆಮೇಲೆ ಅವನಿಗೇ ಏನೋ ಹೊಳೆಯಿತು. "ನಿಮ್ಮ ತಂದೆ ಹಳೇ ಕಾಲದ ರೈತರ ನಿಲುವಂಗಿ ಹಾಕ್ಕೊಂಡು, ಹಂದಿ ಪಕ್ಕ ನಿಂತು ಒಂದು ಫೋಟೋ ಕೊಟ್ರೆ? ಪತ್ರಿಕೆಯವರು ಬರ್ತಿದ್ದಾರೆ. ಆಗ ನಾನು ಸಹಿ ಹಾಕೋಕಾಗುತ್ತೆ ಅನ್ಸುತ್ತೆ."

ನಿಲುವಂಗಿ ನಾಟಕದ ಸಾಮಾನಿನದ್ದು, ಬೂಸ್ಟು ಹಿಡಿದಿತ್ತು. ಮಕ್ಕಳ ಶಾಲೆಯ ಬಟ್ಟೆಯ ಜೊತೆ ಅದನ್ನೂ ಒಗೆದು ಇಸ್ತ್ರಿ ಮಾಡಿದವಳು ನಾನು. ನನಗೆ ಅಸಹ್ಯವಾದದ್ದು ಬರೀ ಅವನ ಮೇಲಲ್ಲ, ನನ್ನ ಮೇಲೂ.

ನಮ್ಮಪ್ಪ ಜನ್ಮದಲ್ಲಿ ಅಂಥದ್ದು ತೊಟ್ಟವನಲ್ಲ. ಟ್ರ್ಯಾಕ್ಟರ್ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಹಂದಿ ಮೇಯಿಸಿದವನು. ಬಿಡುಗಡೆಯ ದಿನ ಪತ್ರಿಕೆಯವರು ಹುಲ್ಲುಕಡ್ಡಿ ಕಚ್ಚಿಕೊಳ್ಳಿ ಎಂದರು, ಕಚ್ಚಿದ. ಟೋಪಿ ಓರೆ ಮಾಡಿ ಎಂದರು, ಮಾಡಿದ. ಹಾರ್ಕೋರ್ಟ್ ಅಪ್ಪನ ಹೆಗಲ ಮೇಲೆ ಕೈ ಹಾಕಿ ನಕ್ಕ. ಸುತ್ತ ನಿಂತವರು ಬನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಅವರಲ್ಲಿ ನಮ್ಮೂರಲ್ಲೇ ಹುಟ್ಟಿದವರೂ ಇದ್ದರು.

ಕಾಗದಕ್ಕೆ ಸಹಿ ಬಿತ್ತು.

ನಾನು ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಇಕ್ಕಳ ಎತ್ತಿಕೊಂಡೆ. "ಅದು ಪ್ರದರ್ಶನದ್ದು," ಎಂದ ಹಾರ್ಕೋರ್ಟ್.

"ಉಂಗುರ ಇಲ್ಲದೆ ಹಂದೀನ ಕಾಡಿಗೆ ಬಿಡಲ್ಲ, ಸರ್. ನಿಮ್ಮ ಪುಸ್ತಕದ ನಲವತ್ತಮೂರನೇ ಪುಟ ನೋಡಿ."

ನಮ್ಮ ಮನೆಯ ಅಂಗಳದಲ್ಲಿ ಉಂಗುರ ಹಾಕುವಾಗ ಡಚೆಸ್ ಇಡೀ ಬೀದಿಗೆ ಕೇಳುವಂತೆ ಕಿರುಚಿದಳು. ಅಪ್ಪ ನಿಲುವಂಗಿ ಬಿಚ್ಚಿ ಅದರಲ್ಲೇ ಅವಳ ಮೂತಿ ಒರೆಸಿದ.

"ನಾಚಿಕೆ ಆಗ್ಲಿಲ್ವಾ ಅಪ್ಪ?"

"ಆಯ್ತು. ಅವಳು ಎರಡು ತಿಂಗಳು ತಿಂತಾಳೆ, ನಂಗೆ ನಾಚಿಕೆ ಅರ್ಧ ಗಂಟೆ ಆಯ್ತು. ಗೇಟು ತೆಗಿ."

ಹಾರ್ಕೋರ್ಟನ ಮನೆಯ ಮುಂದೆ ಡಚೆಸ್ ನಿಂತು ನಿಧಾನವಾಗಿ ಲದ್ದಿ ಹಾಕಿದಳು. ಅಪ್ಪ ಅವಸರಪಡಿಸಲಿಲ್ಲ. ಅವಳು ಮುಗಿಸಿದ ಮೇಲೆ ಇಬ್ಬರೂ ಓಕ್ ಮರಗಳ ಕೆಳಗೆ ಇಳಿದುಹೋದರು.

ನಾನು ತಿದ್ದುಪಡಿ ಚೀಟಿ ಅಂಟಿಸಲು ಸಭಾಭವನಕ್ಕೆ ಹಿಂದಿರುಗಿದೆ. ಹಾರ್ಕೋರ್ಟ್ ಅದರಲ್ಲಿ ಹೀಗೆ ಅಚ್ಚು ಹಾಕಿಸಿದ್ದ: "ಶ್ರೀ ಪರ್ಕಿಸ್ ಸದ್ಯಕ್ಕೆ ಬದುಕಿದ್ದಾರೆ."