ಮೂರನೇ ಕ್ಲಿಕ್ಕು

ಶಿರೀಷಾ ಆಧಾರ್ ಕಾರ್ಡನ್ನು ಸೆರಗಿನಿಂದ ಉಜ್ಜುತ್ತಲೇ ಇದ್ದಳು. ಅವ್ವ ಉಚ್ಚಮ್ಮನ ಮುಖವಿರಬೇಕಾದಲ್ಲಿ ಒಂದು ಕಪ್ಪು ಮಚ್ಚೆ. ಅದರೊಳಗೆ ಎರಡು ಕಣ್ಣಿನ ಬಿಳಿ, ಅಷ್ಟೇ.

"ಸವದೀತು ಬಿಡವ್ವ," ಎಂದ ಸೋದರಮಾವ ಯರ್ರೆಪ್ಪ. ಚಿಪ್ಪಗಿರಿಯಿಂದ ಮೊದಲ ಬಸ್ಸಿಗೇ ಬಂದಿದ್ದ. ಚಪ್ಪರದಡಿ ಅಕ್ಕನ ಹೆಣಕ್ಕೆ ಸ್ನಾನ ಮುಗಿದಿತ್ತು. "ಹೊತ್ತು ಮುಳುಗೋದ್ರಾಗ ಮಣ್ಣು ಮಾಡಬೇಕು. ಮಕ ಎದುರಿಗೇ ಐತಲ್ಲ, ಫೋನಿನ್ಯಾಗ ಹೊಡಕೋ."

"ಅವ್ವನ ಮುಂದ ಹಿಡಕೊಂಡು ನಡಿಯಾಕ ಕಣ್ಣು ಮುಚ್ಚಿದ ಫೋಟೋ ನನಗ ಬ್ಯಾಡ ಮಾಮಾ. ಸ್ಟುಡಿಯೋ ಭರತಣ್ಣಗ ಫೋನ್ ಮಾಡೀನಿ. ಆತನ ಹತ್ರ ಒಂದು ಇರಬೇಕು."

"ನಿಮ್ಮವ್ವ ಯಾವಾಗ ಸ್ಟುಡಿಯೋಕ್ಕ ಹೋಗಿದ್ಲು? ಹೀರೋಯಿನ್ನಾ?"

"ಹೋಗಿರಲಿಲ್ಲ. ನಿಂತಿದ್ಲು."

*

ಎರಡು ವರ್ಷದ ಹಿಂದೆ, ಆದೋನಿಯಲ್ಲಿ ಉಚ್ಚಮ್ಮ ಪಾತ್ರೆ ತಿಕ್ಕುತ್ತಿದ್ದ ಮನೆಗೆ ಹೊಸ ಬಣ್ಣ ಬಿದ್ದಿತ್ತು. ಸುಡುಬಿಸಿಲಲ್ಲಿ ಬೆಳ್ಳನೆ ಗೋಡೆ, ಅದರ ಮುಂದೆ ರೇಷ್ಮೆ ಉಟ್ಟ ಮನೆಯವರು ಮೂವರು. ಪಕ್ಕದ ಅಡುಗೆಮನೆ ಬಾಗಿಲ ಕತ್ತಲಲ್ಲಿ, ತುಂಬಿದ ಬಕೆಟ್ ಹಿಡಿದು ಉಚ್ಚಮ್ಮ.

ಭರತ್ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದ. "ಎಚ್‌ಡಿಆರ್ ಸಾರ್. ಮೂರು ಕ್ಲಿಕ್ಕು. ಒಂದು ಬಿಸಿಲಿಗೆ, ಒಂದು ನಡಕಿಂದು, ಒಂದು ಕತ್ತಲಿಗೆ. ಆಮ್ಯಾಲೆ ಮೂರೂ ಕೂಡಸ್ತೀನಿ, ಎಲ್ಲಾ ಕಾಣತೈತಿ. ಯಾರೂ ಅಲ್ಲಾಡಬ್ಯಾಡ್ರಿ."

ಯಾರೂ ಅಂದರೆ ತಾನೂ ಎಂದುಕೊಂಡಳು ಉಚ್ಚಮ್ಮ. ಉಸಿರು ಬಿಗಿಹಿಡಿದಳು.

"ನಂದೂ ಫೋಟೋ ಹೊಡದ್ರು," ಎಂದಳು ಸಂಜೆ ಮಗಳಿಗೆ. "ಕೈ ಬಿದ್ದುಹೋಗಂಗಾತು. ಆದ್ರೂ ಬಕೆಟ್ ಇಳಸಲಿಲ್ಲ ನೋಡು."

ಮರುವಾರ ಕೂಡಿಸಿದ ಚಿತ್ರ ನೋಡಿ ಆ ಮನೆಯ ಯಜಮಾನರು ಹುಬ್ಬು ಗಂಟಿಕ್ಕಿದರು. "ಭಾಳ ಚಲೋ ಬಂದೈತಿ. ಆದ್ರ ಈಕಿ ಯಾಕ ಬಂದಾಳ? ಅಲ್ಲೊಂದು ಹೂವಿನ ಕುಂಡ ಇಡು."

ಭರತ್ ಕಂಪ್ಯೂಟರಿನಲ್ಲಿ ಕುಂಡ ಇಟ್ಟ.

*

ಬೈಕಿನಿಂದ ಇಳಿದ ಭರತನ ಕಂಕುಳಲ್ಲಿ ಫ್ರೇಮು ಇತ್ತು. ಶಿರೀಷಾಳ ಮುಖ ನೋಡಲಿಲ್ಲ.

"ಕೂಡಿಸಿದ್ರಾಗ ಅವ್ವನ ನಾನೇ ಅಳಿಸಿದ್ದೆ ತಂಗೀ. ಕತ್ತಲಿಗಂತ ಹೊಡದಿದ್ದ ಮೂರನೇದು ಹಾರ್ಡ್‌ಡಿಸ್ಕಿನ್ಯಾಗ ಹಂಗೇ ಉಳದಿತ್ತು."

ಯರ್ರೆಪ್ಪ ಗಾಜಿನ ಹತ್ತಿರ ಬಗ್ಗಿದ. "ಅರೆ, ನಮ್ಮಕ್ಕ! ಹಣಿ ಮ್ಯಾಲಿನ ಗಾಯದ ಕಲಿ ಸೈತ ಕಾಣತೈತಿ... ಬಾಜೂಕ ಈ ಬೆಳ್ಳಗ ಏನಿದು, ದೆವ್ವ ನಿಂತಂಗ?"

"ಆ ಮನಿಯವ್ರು ಮಾಮಾ. ಕತ್ತಲಾಗಿದ್ದವ್ರು ಕಾಣಂಗ ಹೊಡದ್ರ ಬಿಸಿಲಾಗಿದ್ದವ್ರು ಹಿಂಗ ಸುಟ್ಟು ಬೆಳ್ಳಗಾಗ್ತಾರ." ಭರತ್ ಆ ಬಿಳುಪಿನ ಮೇಲೆ ಬೆರಳಿಟ್ಟ. "ಆ ಕಡಿ ಕತ್ತರಿಸಿ ಕೊಡ್ಲೇನು ತಂಗೀ?"

ಶಿರೀಷಾ ಫ್ರೇಮನ್ನು ತನ್ನ ಕಡೆ ಎಳೆದುಕೊಂಡಳು.

"ಬ್ಯಾಡಣ್ಣಾ. ಹತ್ತೊಂಬತ್ತು ವರ್ಷ ಅವರ ಬಾಜೂಕೇ ಇದ್ಲು. ಇರ್ಲಿ."

ಹೊತ್ತು ಇಳಿಯುವ ಮುನ್ನ ಹೆಣ ಎತ್ತಿದರು. ಫ್ರೇಮನ್ನು ಎದೆಯ ಮುಂದೆ ಹಿಡಿದು ಶಿರೀಷಾ ಮೊದಲು ನಡೆದಳು. ಮೂರು ಖಾಲಿ ಬಿಳುಪುಗಳ ಪಕ್ಕ ಉಚ್ಚಮ್ಮ ನೆಟ್ಟಗೆ ನಿಂತಿದ್ದಳು. ಮೇಲ್ದುಟಿಯ ಬೆವರು ಹನಿಹನಿಯಾಗಿ ಕಾಣುತ್ತಿತ್ತು. ಕೈಯಲ್ಲಿದ್ದ ಬಕೆಟ್ಟಿನ ನೀರು ಒಂದಿಷ್ಟೂ ಅಲುಗಿರಲಿಲ್ಲ.